ಲಾಕ್‌ಡೌನ್ ಮತ್ತು ಚಂಚಲ ಮನಸ್ಸು

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. 2021ರ ಏಪ್ರಿಲ್ ಕೊನೆಯಲ್ಲಿ ನಮ್ಮ ರಾಜ್ಯ ಮತ್ತೆ ಬಾಗಿಲು ಹಾಕಿತು. ಆಗ ಬೆಂಗಳೂರಿನ ಕಾರ್ಖಾನೆ ಕೆಲಸ ನಿಂತು ಶಿರಾ ತಾಲೂಕಿನ ತಾವರೆಕೆರೆಗೆ ಮರಳಿದ ಮೂವತ್ತೈದರ ಗಂಡಸೊಬ್ಬನನ್ನು ಊಹಿಸಿಕೊಳ್ಳಿ. ಹೊಲದಲ್ಲಿ ಕೆಲಸವಿದೆ, ಮಾಡುವ ಮನಸ್ಸೂ ಇದೆ. ಆದರೆ ಬೆಳಿಗ್ಗೆ ಎದ್ದರೆ ಯಾವುದನ್ನು ಮೊದಲು ಹಿಡಿಯಬೇಕೆಂದು ತೋಚದು. ಪಂಪ್‌ಸೆಟ್ ಬಿಚ್ಚಿ ಕೂತವನು ಅರ್ಧಕ್ಕೇ ಎದ್ದು ಹೋಗುತ್ತಾನೆ. ರಾತ್ರಿ ಎರಡರವರೆಗೆ ಮೊಬೈಲು. ಹೆಂಡತಿ ಕೇಳಿದರೆ ಸಿಡುಕು, ಆಮೇಲೆ ತನ್ನ ಮೇಲೇ ಬೇಸರ. “ಎರಡು ಮಕ್ಕಳ ತಂದೆಯಾದರೂ ಸೋಮಾರಿತನ ಬಿಡಲಿಲ್ಲ” ಎಂದು ಮನೆಯವರ ಮಾತು.

ಆ ದಿನಗಳಲ್ಲಿ ಎಲ್ಲರಿಗೂ ಹೀಗೇ ಆಯಿತಲ್ಲ ಎನ್ನುವಿರಾ? ಸ್ವಲ್ಪಮಟ್ಟಿಗೆ ನಿಜ. ಆದರೆ ಎಡಿಎಚ್‌ಡಿ ಎಂಬ ತೊಂದರೆ ಇರುವವರಿಗೆ ಇದು ಬಾಲ್ಯದಿಂದಲೇ ಇರುವ ಪಾಡು. ಗಮನ ನಿಲ್ಲಿಸುವ, ಕೆಲಸ ಆರಂಭಿಸುವ, ಹೊತ್ತನ್ನು ಅಂದಾಜು ಮಾಡುವ ಮಿದುಳಿನ ಶಕ್ತಿ ಇವರಲ್ಲಿ ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ದೊಡ್ಡವರಾದ ಮೇಲೆ ಹೊರಗಿನ ಓಡಾಟ ತಗ್ಗಿ, ತಳಮಳ ಒಳಗೆ ಸೇರಿಕೊಳ್ಳುತ್ತದೆ. ಇವರು ದಿನ ದೂಡುವುದು ಹೊರಗಿನ ಆಸರೆಗಳಿಂದ: ಹೊತ್ತಿಗೆ ಬರುವ ಬಸ್ಸು, ಪಾಳಿಯ ಸೈರನ್, ಮೇಸ್ತ್ರಿಯ ಕೂಗು, ಭಾನುವಾರದ ಬಲಿಪೂಜೆ. ಲಾಕ್‌ಡೌನ್ ಇವೆಲ್ಲವನ್ನೂ ಒಂದೇ ವಾರದಲ್ಲಿ ಕಿತ್ತುಕೊಂಡಿತು.

ಔಷಧಿ ಸೇವಿಸುತ್ತಿದ್ದವರಿಗೆ ಇನ್ನೊಂದು ಪೆಟ್ಟು ಬಿತ್ತು. ಫೋನಿನಲ್ಲೇ ವೈದ್ಯರನ್ನು ಕಾಣಲು 2020ರ ಮಾರ್ಚಿನಲ್ಲಿ ಸರ್ಕಾರ ನಿಯಮಾವಳಿ ತಂದಿತು, ಒಳ್ಳೆಯದೇ. ಆದರೆ ಈ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಕಟ್ಟುನಿಟ್ಟಿನ ಪಟ್ಟಿಯಲ್ಲಿದ್ದುದರಿಂದ ಅದನ್ನು ಫೋನಿನ ಮೂಲಕ ಬರೆದುಕೊಡುವಂತಿರಲಿಲ್ಲ. ಬಸ್ಸಿಲ್ಲದ ಕಾಲದಲ್ಲಿ ಹಳ್ಳಿಯವನು ವೈದ್ಯರ ಬಳಿಗೆ ಹೋಗುವುದು ಹೇಗೆ?

ವರ್ಷಾನುಗಟ್ಟಲೆ ಪಾಪನಿವೇದನೆಯಲ್ಲಿ “ಸೋಮಾರಿತನ” ಎಂದು ಹೇಳಿಕೊಂಡೇ ಬಂದವರು ನಮ್ಮ ನಡುವೆ ಇರಬಹುದು. ಮಾಡುವ ಇಚ್ಛೆಯೇ ಇಲ್ಲದಿರುವುದು ಬೇರೆ, ಇಚ್ಛೆಯಿದ್ದೂ ಕೈ ಏಳದಿರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿತ್ಯ ಬೈಗುಳ ಕೇಳಿದವರು ಖಿನ್ನತೆಗೆ, ಕೆಲವರು ಕುಡಿತಕ್ಕೆ ಜಾರುತ್ತಾರೆ.

ಮನೆಯವರು ಮಾಡಬಹುದಾದದ್ದು ದೊಡ್ಡದೇನಲ್ಲ. ಕಳೆದುಹೋದ ಆಸರೆಯನ್ನು ಮನೆಯೊಳಗೆ ಕಟ್ಟಿಕೊಡಿ. ಏಳುವ, ಉಣ್ಣುವ, ಮಲಗುವ ಹೊತ್ತು ಎಲ್ಲರಿಗೂ ಒಂದೇ ಇರಲಿ. ಐದು ಕೆಲಸ ಒಟ್ಟಿಗೆ ಹೇಳಬೇಡಿ. ಒಂದನ್ನು ಹೇಳಿ, ಮೊದಲ ಹತ್ತು ನಿಮಿಷ ಜೊತೆಯಲ್ಲೇ ಕೂತಿರಿ. ಬರೀ ಕೂತಿದ್ದರೂ ಸಾಕು, ಅದರಿಂದಲೇ ಅನೇಕರ ಕೈ ಓಡುತ್ತದೆ. ಸಂಜೆ ಒಂದಿಷ್ಟು ನಡಿಗೆ. ಕಾಯಿಲೆ ಹರಡಿ ಮತ್ತೊಮ್ಮೆ ಮನೆ ಸೇರಬೇಕಾದರೂ, ಕೆಲಸ ತಪ್ಪಿ ಮನೆಯಲ್ಲಿ ಕೂರಬೇಕಾದರೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮನೋವೈದ್ಯರ ಬಳಿ ಹೋಗುವಾಗ ತಾಯಿಯನ್ನೋ ಅಕ್ಕನನ್ನೋ ಕರೆದೊಯ್ಯಿರಿ. ಹನ್ನೆರಡು ವರ್ಷ ತುಂಬುವ ಮೊದಲೇ ಈ ಲಕ್ಷಣಗಳಿದ್ದವೇ ಎಂದು ವೈದ್ಯರು ಕೇಳುತ್ತಾರೆ. ಅದನ್ನು ನೆನಪಿಟ್ಟಿರುವವರು ಅವರೇ.