ಮೈಸೂರು ಸುರಕ್ಷಿತ ಊರೇ? ಒಂದೇ ಪಾಠವನ್ನು ಎರಡು ಬಾರಿ ಮಾಡಿದ ಅನುಭವ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನ್ನನ್ನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ಒಂಬತ್ತನೇ ತರಗತಿ, ಸಮಾಜ ವಿಜ್ಞಾನ. 38 ವಿದ್ಯಾರ್ಥಿಗಳು, ಅವರಲ್ಲಿ 21 ಹುಡುಗಿಯರು. ಕರ್ನಾಟಕದ ಪ್ರವಾಸಿ ತಾಣಗಳ ಪಾಠ ನನ್ನ ಪಾಲಿಗೆ ಬಂತು. ಮುಂದಿನ ತಿಂಗಳು ಶಾಲೆಯಿಂದ ಮೈಸೂರಿಗೆ ಒಂದು ದಿನದ ಪ್ರವಾಸ ಹೊರಡುವುದಿತ್ತು. ಹಾಗಾಗಿ ಮಾರ್ಗದರ್ಶಕ ಶಿಕ್ಷಕರು, “ಮೈಸೂರನ್ನೇ ಉದಾಹರಣೆಯಾಗಿ ತಗೊಳ್ಳಿ, ಮಕ್ಕಳಿಗೆ ಉಪಯೋಗ ಆಗುತ್ತೆ” ಎಂದರು. “ಪ್ರವಾಸಿಗರಿಗೆ ಸುರಕ್ಷಿತ ನಗರ: ಮೈಸೂರು” ಎಂದು ಶೀರ್ಷಿಕೆ ಕೊಟ್ಟು ಪಾಠ ಯೋಜನೆ ಬರೆದೆ.

ಮೊದಲ ಪಾಠ

ಯೋಜನೆಯಲ್ಲಿ ಕೊರತೆ ಇರಲಿಲ್ಲ ಎಂದೇ ನನ್ನ ನಂಬಿಕೆ. ಅರಮನೆಯ ಚಿತ್ರಪಟ ತೋರಿಸಿ ಪೀಠಿಕೆ ಹಾಕಿದೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದದ್ದು, ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡದ್ದು, 1892ರಲ್ಲಿ ಆರಂಭವಾದ ಮೃಗಾಲಯ, ದೇವರಾಜ ಮಾರುಕಟ್ಟೆ, ಚಾಮುಂಡಿ ಬೆಟ್ಟ, ಎಲ್ಲವನ್ನೂ ಕರಿಹಲಗೆಯ ಮೇಲೆ ಪಟ್ಟಿ ಮಾಡಿದೆ. ಕೊನೆಗೆ “ಮೈಸೂರು ಸ್ವಚ್ಛ, ಶಾಂತ, ಸುರಕ್ಷಿತ ನಗರ” ಎಂದು ದೊಡ್ಡಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ.

ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಸುರಕ್ಷಿತ ಅಂತೀರಲ್ಲ, ಬೆಟ್ಟದ ಹತ್ರ ಆ ಹುಡುಗಿಗೆ ಹಂಗಾಗಿದ್ದು ಮೈಸೂರಲ್ಲೇ ಅಲ್ವಾ? ಅದಕ್ಕೇ ನಮ್ಮಮ್ಮ ಟೂರಿಗೆ ಬೇಡ ಅಂತಾಳೆ.”

ಅವಳು ಹೇಳಿದ್ದು 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ವಿಷಯ. ತರಗತಿ ಸ್ತಬ್ಧವಾಯಿತು. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕುಳಿತಿದ್ದ ನನ್ನ ಇಬ್ಬರು ಸಹಪಾಠಿಗಳೂ ಬರೆಯುವುದನ್ನು ನಿಲ್ಲಿಸಿದರು. ನಾನು “ಅದು ಬೇರೆ ವಿಷಯ, ಕೂತ್ಕೊಳಮ್ಮ” ಎಂದು ಗೃಹಕಾರ್ಯ ಕೊಟ್ಟು ಹೊರಬಂದೆ.

ಎಲ್ಲಿ ತಪ್ಪಿತು

ಅದು ಬೇರೆ ವಿಷಯವಾಗಿರಲಿಲ್ಲ. ಅದೇ ನನ್ನ ಪಾಠದ ವಿಷಯವಾಗಿತ್ತು. ಆ ತರಗತಿಯಲ್ಲಿ ಮೂವರು ಹುಡುಗಿಯರ ಮನೆಯಲ್ಲಿ ಪ್ರವಾಸಕ್ಕೆ ಒಪ್ಪಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅವರ ಪಾಲಿಗೆ ನಾನು ಅಡಿಗೆರೆ ಎಳೆದ ವಾಕ್ಯ ಸುಳ್ಳಾಗಿತ್ತು, ಇಲ್ಲವೇ ನಿರುಪಯೋಗಿಯಾಗಿತ್ತು.

ಸಂಜೆ ಮಾರ್ಗದರ್ಶಕ ಶಿಕ್ಷಕರೊಡನೆ ಕುಳಿತು ಮಾತಾಡಿದೆ. ಅವರು ಬೈಯಲಿಲ್ಲ. “ಊರಿಗೆ ನೀವು ಸರ್ಟಿಫಿಕೇಟ್ ಕೊಟ್ಟುಬಿಟ್ರಿ. ಮಗು ಅದನ್ನ ಪರೀಕ್ಷೆ ಮಾಡ್ತು, ಅಷ್ಟೇ” ಎಂದರು. ಆ ಘಟನೆಯ ನಂತರ ನಡೆದ ಇನ್ನೊಂದು ಸಂಗತಿಯನ್ನೂ ನೆನಪಿಸಿದರು. ಸಂಜೆ 6.30ರ ಬಳಿಕ ವಿದ್ಯಾರ್ಥಿನಿಯರು ಕ್ಯಾಂಪಸ್ಸಿನಲ್ಲಿ ಒಂಟಿಯಾಗಿ ಓಡಾಡಬಾರದೆಂದು ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತ್ತು; ಟೀಕೆಗಳು ಬಂದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಅಪಾಯವಿದೆ ಎಂದಾಗ ದೊಡ್ಡವರಿಗೆ ಮೊದಲು ತೋಚುವ ಪರಿಹಾರ ಹುಡುಗಿಯರನ್ನು ಒಳಗಿರಿಸುವುದೇ. ಆ ತಾಯಿ ಮಾಡಿದ್ದೂ ಅದನ್ನೇ. ಅಪಾಯವೇ ಇಲ್ಲ ಎಂದು ನಾನು ಹೇಳಿದ್ದರಿಂದ ಆ ಹುಡುಗಿಗೆ ಏನೂ ಸಿಕ್ಕಿರಲಿಲ್ಲ. ಇವೆರಡರ ನಡುವೆ ಕಲಿಸಬಹುದಾದದ್ದು ಏನಿದೆ ಎಂದು ಯೋಚಿಸಿ ಯೋಜನೆಯನ್ನು ಮತ್ತೆ ಬರೆದೆ.

ಎರಡನೇ ಪಾಠ

ಎರಡು ದಿನಗಳ ನಂತರ ಮುಖ್ಯ ಶಿಕ್ಷಕರ ಅನುಮತಿ ಪಡೆದು ಎರಡು ಅವಧಿಗಳನ್ನು ಒಟ್ಟಿಗೆ ತೆಗೆದುಕೊಂಡೆ. ಮೊದಲ ಮಾತು ಆ ಹುಡುಗಿಗೆ: “ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಉತ್ತರ ಹೇಳದೆ ಹೋದದ್ದು ತಪ್ಪು. ಅಲ್ಲಿ ಕೆಟ್ಟದ್ದು ನಡೆದದ್ದು ನಿಜ. ತಪ್ಪು ಮಾಡಿದವರದ್ದು, ಅವಳದ್ದಲ್ಲ.” ಘಟನೆಯ ವಿವರಕ್ಕೆ ಹೋಗಲಿಲ್ಲ. ಆ ವಯಸ್ಸಿನವರ ಮುಂದೆ ಇಷ್ಟನ್ನು ನೇರವಾಗಿ ಹೇಳಿದರೆ ಸಾಕು ಎಂದು ನನಗನಿಸಿತು.

ನಂತರ ಕರಿಹಲಗೆಯ ಮೇಲೆ ಹೇಳಿಕೆಯ ಬದಲು ನಾಲ್ಕು ಪ್ರಶ್ನೆಗಳನ್ನು ಬರೆದೆ. ಸುರಕ್ಷಿತ, ಯಾರಿಗೆ? ಯಾವ ಹೊತ್ತಿನಲ್ಲಿ? ಯಾವ ಜಾಗದಲ್ಲಿ? ತೊಂದರೆಯಾದರೆ ಯಾರ ಬಳಿ ಹೋಗಬೇಕು? ತರಗತಿಯನ್ನು ಐದು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಜಾಗ ಕೊಟ್ಟೆ. ಅಲ್ಲಿ ಏನು ನೋಡಬಹುದು, ಏನು ಮಾಡಬಹುದು, ಏನು ಎಡವಟ್ಟಾಗಬಹುದು, ಆಗ ನಾವೇನು ಮಾಡುತ್ತೇವೆ ಎಂದು ರಟ್ಟಿನ ಮೇಲೆ ಬರೆಯಬೇಕು. ಜಾಗಗಳ ಬಗ್ಗೆ ಒಂದೊಂದು ಪುಟದ ಮಾಹಿತಿಯನ್ನು ನಾನೇ ಬರೆದುಕೊಟ್ಟಿದ್ದೆ.

ಗುಂಪುಗಳು ಬರೆದದ್ದು

ಅರಮನೆಯ ಗುಂಪು ಎರಡು ಹೊತ್ತನ್ನು ಬೇರೆಬೇರೆಯಾಗಿ ನೋಡಿತು. ಹಗಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಹೊರಬರುವಾಗ ಚಪ್ಪಲಿ ಹುಡುಕುತ್ತಾ ಗೆಳತಿಯರು ಚದುರುತ್ತಾರೆ, ಆದ್ದರಿಂದ ಅಲ್ಲೇ ಎಣಿಕೆ ಆಗಬೇಕು. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳರ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಳ್ಳುತ್ತವೆ. ಬೆಳಕೂ ಜನವೂ ಇರುವುದರಿಂದ ಭಯವಿಲ್ಲ, ಆದರೆ ದೀಪ ಆರಿದ ಕೂಡಲೇ ಎಲ್ಲರೂ ಒಮ್ಮೆಗೇ ಬಾಗಿಲಿಗೆ ಬರುತ್ತಾರೆ ಎಂದು ಬರೆದರು. ಒಬ್ಬ ಹುಡುಗ ಲೆಕ್ಕ ಹಾಕಿದ: ಹಾಸನಕ್ಕೆ ಸುಮಾರು 120 ಕಿ.ಮೀ., ದೀಪ ನೋಡಿ ಹೊರಟರೆ ಊರು ಸೇರುವುದು ನಡುರಾತ್ರಿಗೆ. ಒಂದೇ ದಿನದ ಪ್ರವಾಸವಾದರೆ ದೀಪಾಲಂಕಾರ ಬಿಡಬೇಕು ಎಂದು ಗುಂಪೇ ತೀರ್ಮಾನಿಸಿತು.

ಮೃಗಾಲಯದ ಗುಂಪು ನನ್ನದೇ ತಪ್ಪನ್ನು ಹಿಡಿಯಿತು. ಮಾದರಿ ವೇಳಾಪಟ್ಟಿಯಲ್ಲಿ ನಾನು ಮಂಗಳವಾರ ಎಂದು ಬರೆದಿದ್ದೆ. “ಮಿಸ್, ಮಂಗಳವಾರ ಮೃಗಾಲಯಕ್ಕೆ ರಜ ಅಂತ ನೀವೇ ಬರೆದಿದ್ದೀರಿ!” ಎಲ್ಲರೂ ನಕ್ಕರು, ನಾನೂ ನಕ್ಕೆ. ತರಗತಿಯ ಬಿಗಿ ಸಡಿಲವಾದದ್ದು ಆಗಲೇ.

ಚಾಮುಂಡಿ ಬೆಟ್ಟವನ್ನು ಮೂರನೇ ಸಾಲಿನ ಹುಡುಗಿಯ ಗುಂಪಿಗೇ ಕೊಟ್ಟಿದ್ದೆ. ಬೇಕೇ ಎಂದು ಮೊದಲೇ ಅವಳನ್ನು ಕೇಳಿದ್ದೆ. ಅವರ ಯೋಜನೆ ಹೀಗಿತ್ತು: ಬೆಳಿಗ್ಗೆಯೇ ಬಸ್ಸಿನಲ್ಲಿ ಮೇಲೆ ಹೋಗುವುದು, ದೇವರ ದರ್ಶನ ಮಾಡಿ ಮೇಲಿನಿಂದ ನಗರ ನೋಡುವುದು, ಸುಮಾರು ಸಾವಿರ ಮೆಟ್ಟಿಲುಗಳಲ್ಲಿ ಮೇಲಿನ ಮುನ್ನೂರನ್ನಷ್ಟೇ ಎಲ್ಲರೂ ಒಟ್ಟಿಗೆ ಇಳಿದು ನಂದಿಯ ಬಳಿ ಸೇರುವುದು, ಅಲ್ಲಿಗೆ ಬಸ್ಸು ಬರುವುದು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 1659ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನಂದಿ ಅದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬಾರದು, ಕೋತಿ ಕಿತ್ತುಕೊಳ್ಳುತ್ತದೆ. ಮೆಟ್ಟಿಲ ದಾರಿ ಬಿಟ್ಟು ಪೊದೆಯತ್ತ ಯಾರೂ ಹೋಗಬಾರದು. “ಬೆಟ್ಟಕ್ಕೆ ಹೋಗಬೇಡಿ” ಎಂದು ಅವರು ಬರೆಯಲಿಲ್ಲ. ಹೇಗೆ ಹೋಗಬೇಕೆಂದು ಬರೆದರು.

ದೇವರಾಜ ಮಾರುಕಟ್ಟೆಯ ಗುಂಪು ಪಾತ್ರಾಭಿನಯ ಮಾಡಿತು. ಮಲ್ಲಿಗೆ, ಕುಂಕುಮದ ರಾಶಿ, ನಂಜನಗೂಡು ರಸಬಾಳೆ ನೋಡಿ, ದುಡ್ಡಿನ ಚೀಲ ಮುಂದಿಟ್ಟುಕೊಂಡು ಹೊರಬಂದ ಪ್ರವಾಸಿಗೆ ಆಟೋದವನು “ಅರಮನೆ ಇವತ್ತು ಮುಚ್ಚಿದೆ, ನಮ್ಮ ಅಂಗಡಿಗೆ ಬನ್ನಿ” ಎನ್ನುತ್ತಾನೆ. ಆಟೋ ಓಡಿಸುವವರ ಮಗನೊಬ್ಬ ಎದ್ದು, “ನಮ್ಮಪ್ಪ ಹಂಗೆ ಮಾಡಲ್ಲ ಮಿಸ್” ಎಂದ. ಅವನ ಮಾತೂ ನಿಜ. ಆಗ ದೃಶ್ಯವನ್ನು ಮುಂದುವರಿಸಿದೆವು: ಪ್ರವಾಸಿ ಇನ್ನೊಬ್ಬ ಆಟೋದವರನ್ನು ಕೇಳುತ್ತಾನೆ, ಅವರು ಮೀಟರ್ ಹಾಕಿ ಅರಮನೆಯ ಬಾಗಿಲಿಗೆ ಬಿಡುತ್ತಾರೆ. ಒಬ್ಬರ ಮಾತನ್ನೇ ನಂಬದೆ ಎರಡನೆಯವರನ್ನು ಕೇಳುವುದು ಅನುಮಾನವಲ್ಲ, ರೂಢಿ ಎಂದು ವಿವರಿಸಲು ಇದರಿಂದ ಸುಲಭವಾಯಿತು.

ನನಗೆ ಹೆಚ್ಚು ಕಲಿಸಿದ್ದು ಐದನೆಯ ಗುಂಪು. ಮೈಸೂರಿನಿಂದ ಸುಮಾರು 15 ಕಿ.ಮೀ. ದೂರದ ಶ್ರೀರಂಗಪಟ್ಟಣದ ಸಂಗಮ ಅವರದ್ದು. ದ್ವೀಪವನ್ನು ಸುತ್ತುವರಿದ ಕಾವೇರಿಯ ಕವಲುಗಳು ಅಲ್ಲಿ ಮತ್ತೆ ಕೂಡುತ್ತವೆ. ಗುಂಪಿನಲ್ಲಿ ಹುಡುಗರೇ ಹೆಚ್ಚು. “ಏನು ಎಡವಟ್ಟಾಗಬಹುದು?” ಎಂಬಲ್ಲಿ “ಏನಿಲ್ಲ” ಎಂದು ಬರೆದಿದ್ದರು. ನಾನು “ಯಾರಿಗೆ?” ಎಂಬ ಪ್ರಶ್ನೆಯನ್ನು ತೋರಿಸಿದೆ. ನೀರಿಗೆ ಇಳಿಯುವವರು ಯಾರು, ಫೋಟೋಗೆಂದು ಬಂಡೆ ಹತ್ತುವವರು ಯಾರು? ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಚಿ ಕಟ್ಟಿದ ಮೆಟ್ಟಿಲು, ಮೇಲೆ ಕಾಣದ ಸೆಳೆತ. ಅಲ್ಲಿ ಎಚ್ಚರ ಹೆಚ್ಚು ಬೇಕಾದದ್ದು ಅವರಿಗೇ. ಸುರಕ್ಷತೆ ಎಂದರೆ ಹುಡುಗಿಯರ ಸಮಸ್ಯೆ ಎಂಬ ಭಾವನೆ ಆ ತರಗತಿಯಲ್ಲಿ ಆಗ ಸ್ವಲ್ಪ ಅಲುಗಾಡಿತು.

ಮೌಲ್ಯಮಾಪನ

ತುರ್ತು ಸಂಖ್ಯೆಗಳನ್ನು ಕೇಳಿದೆ. 112, ಮಕ್ಕಳ ಸಹಾಯವಾಣಿ 1098, ರೈಲಿನಲ್ಲಾದರೆ 139: ಬಹುತೇಕರು ಸರಿಯಾಗಿ ಹೇಳಿದರು. “ಫೋನ್ ಎತ್ತಿದರು, ಈಗ ಏನು ಹೇಳ್ತೀಯ?” ಎಂದು ಕೇಳಿದಾಗ ಮಾತ್ರ ಎಲ್ಲರೂ ತಡವರಿಸಿದರು. ಸಂಖ್ಯೆ ಬಾಯಿಪಾಠವಾಗಿತ್ತು, ಬಳಕೆ ಬಂದಿರಲಿಲ್ಲ. ನಾನು ಯಾರು, ಎಲ್ಲಿದ್ದೇನೆ, ಹತ್ತಿರ ಏನು ಕಾಣುತ್ತಿದೆ, ಏನಾಗಿದೆ ಎಂಬ ನಾಲ್ಕು ಮಾತುಗಳನ್ನು ಜೋಡಿಯಾಗಿ ಅಭ್ಯಾಸ ಮಾಡಿಸಿದೆ. ಈ ಚಟುವಟಿಕೆಗೆ ಇನ್ನೂ ಹದಿನೈದು ನಿಮಿಷ ಬೇಕಿತ್ತು.

ಗೃಹಕಾರ್ಯವಾಗಿ ಐದೂ ರಟ್ಟುಗಳನ್ನು ಸೇರಿಸಿ ಮನೆಗೆ ಒಂದು ಪತ್ರ ಬರೆಸಿದೆ. ಎಲ್ಲಿ, ಎಷ್ಟು ಹೊತ್ತಿಗೆ, ಜೊತೆಗೆ ಯಾವ ಶಿಕ್ಷಕರು, ವಾಪಸ್ ಎಷ್ಟಕ್ಕೆ ಎಂಬ ವಿವರ ಅದರಲ್ಲಿತ್ತು. ಮೂರನೇ ಸಾಲಿನ ಹುಡುಗಿಯ ತಾಯಿ ಪತ್ರ ಹಿಡಿದು ಶಾಲೆಗೇ ಬಂದರು. “ಮೆಟ್ಟಿಲು ಇಳಿಯುವಾಗ ಕೊನೇಲಿ ಯಾರಿರ್ತೀರಿ?” ಎಂದು ಕೇಳಿದರು. ನಮ್ಮಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಕೊನೆಯಲ್ಲಿ ಒಬ್ಬ ಶಿಕ್ಷಕಿ ಇರಬೇಕೆಂದು ಆಗಲೇ ಸೇರಿಸಿದೆವು. ಅವರು ಸಹಿ ಹಾಕಿದರು. ಇನ್ನೊಬ್ಬಳ ಮನೆಯವರೂ ಒಪ್ಪಿದರು. ಮೂರನೆಯವಳ ತಂದೆ ಕೊನೆಗೂ ಒಪ್ಪಲಿಲ್ಲ. ಪ್ರವಾಸದ ಹೊತ್ತಿಗೆ ನನ್ನ ಅಭ್ಯಾಸ ಬೋಧನೆ ಮುಗಿದಿತ್ತು. ಎಲ್ಲರೂ ಕ್ಷೇಮವಾಗಿ ಬಂದರೆಂದು ಮಾರ್ಗದರ್ಶಕ ಶಿಕ್ಷಕರು ಫೋನ್ ಮಾಡಿ ತಿಳಿಸಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಪ್ರವಾಸಿ ತಾಣದ ಪಾಠ ಮಾಡುವಾಗ ಊರನ್ನು ಹೊಗಳಿ ಮುಗಿಸುವುದು ಸುಲಭ. ಮೈಸೂರಿನ ಬದಲು ಹಂಪಿಯೋ ಮಂಗಳೂರೋ ಇದ್ದರೂ ಈ ನಾಲ್ಕು ಪ್ರಶ್ನೆಗಳು ನಡೆಯುತ್ತವೆ. ವಿದ್ಯಾರ್ಥಿ ಕಷ್ಟದ ಪ್ರಶ್ನೆ ಕೇಳಿ ನಿಮಗೆ ಉತ್ತರ ಹೊಳೆಯದಿದ್ದರೆ, “ನಾಳೆ ಹೇಳ್ತೀನಿ” ಎಂದು ಹೇಳಿ, ನಾಳೆ ನಿಜವಾಗಿಯೂ ಹೇಳಿ. “ಅದು ಬೇರೆ ವಿಷಯ” ಎಂದು ಮಾತ್ರ ಕೂರಿಸಬೇಡಿ. ನನ್ನ ಪಾಠ ಯೋಜನೆಯ ಶೀರ್ಷಿಕೆಯ ಕೊನೆಗೆ ಈಗ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿದೆ. ಅದನ್ನು ಹಾಕಿಸಿದ್ದು ಮೂರನೇ ಸಾಲಿನ ಆ ಹುಡುಗಿ.