ವಯೋವೃದ್ಧ ಬೇಸಾಯಗಾರರೂ ಮೊಬೈಲ್ ಫೋನಿನ ಬಳಕೆಯೂ

ನೇಗಿಲು, ಕುಂಟೆ, ಕೂರಿಗೆಗಳು ಬೇಸಾಯಕ್ಕೆ ಹೇಗೆ ಉಪಕರಣಗಳೋ, ಈಗಿನ ಕಾಲದಲ್ಲಿ ಮೊಬೈಲ್ ಫೋನೂ ಹಾಗೆಯೇ ಒಂದು ಉಪಕರಣವಾಗಿದೆ. ಮಳೆಯ ಮುನ್ಸೂಚನೆ, ಬೆಳೆಯ ರೋಗಗಳಿಗೆ ಸಲಹೆ, ಸರ್ಕಾರದ ಸಹಾಯಧನದ ವರ್ತಮಾನ, ಬ್ಯಾಂಕಿನ ವ್ಯವಹಾರ ಮುಂತಾದುವು ಅದರ ಮೂಲಕ ದೊರೆಯುತ್ತಿವೆ. ಆದರೆ ಅರವತ್ತು ವರ್ಷ ಮೀರಿದ ಅನೇಕ ರೈತರು ಕರೆ ಬಂದಾಗ ಮಾತನಾಡುವುದಕ್ಕೆ ಮಾತ್ರ ಅದನ್ನು ಉಪಯೋಗಿಸಿ, ಉಳಿದುದಕ್ಕೆಲ್ಲಾ ಮಕ್ಕಳನ್ನೋ ನೆರೆಯವರನ್ನೋ ಕಾಯುತ್ತಾರೆ. ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಹೀಗೆ ಕಾಯುವುದರಿಂದ ಔಷಧಿ ಸಿಂಪಡಿಸುವ ಹದ ತಪ್ಪುವುದುಂಟು. ಗುಟ್ಟಿನ ಸಂಖ್ಯೆ ಪರರ ಕೈಸೇರಿ ಹಣ ಹೋಗುವುದೂ ಉಂಟು. ಆದಕಾರಣ ಈ ಉಪಕರಣವನ್ನು ಹಿರಿಯರು ತಾವೇ ಕಲಿತುಕೊಳ್ಳುವುದು ಅಗತ್ಯವಾಗಿದೆ.

ವಯಸ್ಸು ಅಡ್ಡಿಯಲ್ಲ.— ಮುದುಕರಿಗೆ ಹೊಸ ವಿದ್ಯೆ ಹತ್ತದೆಂಬ ಮಾತು ಬೇಸಾಯಗಾರರ ವಿಷಯದಲ್ಲಿ ಸಲ್ಲುವುದಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಮಾಡಿದುದರಿಂದ ಇಂಡಾಫ್ ತಳಿಗಳು 1970ರ ದಶಕದಲ್ಲಿ ಬಳಕೆಗೆ ಬಂದುವು. ಈಗ ಎಪ್ಪತ್ತು ವರ್ಷ ದಾಟಿದವರೇ ಆಗ ಅವನ್ನು ಬಿತ್ತಿ ನೋಡಿದ ತರುಣರು. ಹೊಸ ಬೀಜವನ್ನು ಹೊಲದ ಒಂದು ಮೂಲೆಯಲ್ಲಿ ಹಾಕಿ, ಫಲವನ್ನು ಕಂಡ ಮೇಲೆ ಹೊಲಕ್ಕೆಲ್ಲಾ ಬಿತ್ತುವುದು ಬಲ್ಲ ರೈತನ ಕ್ರಮ. ಫೋನನ್ನು ಕಲಿಯುವುದಕ್ಕೂ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಒಂದು ವಾರಕ್ಕೆ ಒಂದೇ ಕೆಲಸವನ್ನು ಹಿಡಿದು, ಅದು ಕೈಗೆ ಹತ್ತಿದ ಮೇಲೆ ಮುಂದಿನದಕ್ಕೆ ಹೋಗತಕ್ಕದ್ದು. ಬೆರಳು ತಪ್ಪಿ ಬೇರೊಂದು ಗುರುತನ್ನು ಒತ್ತಿದ ಮಾತ್ರಕ್ಕೆ ಯಂತ್ರ ಕೆಡುವುದಿಲ್ಲ. ಹಿಂದಕ್ಕೆ ಬಂದರೆ ಸಾಕು.

ಕಣ್ಣು ಕೈಗಳ ಅನುಕೂಲ.— ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಶಬ್ದವನ್ನು ಹೆಚ್ಚಿಸಿಕೊಳ್ಳತಕ್ಕದ್ದು. ಗುದ್ದಲಿ ಹಿಡಿದು ಜಡ್ಡುಗಟ್ಟಿದ, ಒಣಗಿದ ಬೆರಳಿಗೆ ಫೋನಿನ ಗಾಜು ಬೇಗ ಓಗೊಡುವುದಿಲ್ಲ. ಏತಕ್ಕೆಂದರೆ ಅದು ಬೆರಳಿನ ಒತ್ತಡದಿಂದಲ್ಲ, ಚರ್ಮದ ಮೂಲಕ ಆಗುವ ಅತ್ಯಲ್ಪವಾದ ವಿದ್ಯುತ್ ವ್ಯತ್ಯಾಸದಿಂದ ಕೆಲಸ ಮಾಡುತ್ತದೆ. ಹೆಚ್ಚು ಬಲವಾಗಿ ಒತ್ತುವುದರಿಂದ ಪ್ರಯೋಜನವಿಲ್ಲ. ಕೈತೊಳೆದು ಚೆನ್ನಾಗಿ ಒರಸಿ, ಬೆರಳಿನ ಮೆತ್ತನೆಯ ಭಾಗದಿಂದ ಮುಟ್ಟಬೇಕು. ಬರೆಯುವುದು ಕಷ್ಟವಾದವರು ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಫೋನೇ ಅಕ್ಷರ ಮೂಡಿಸುತ್ತದೆ. ದುಡಿಮೆಯಿಂದ ಸವೆದ ಬೆರಳ ಗೆರೆಗಳು ಆಧಾರ್ ಯಂತ್ರಕ್ಕೆ ತಿಳಿಯದಿರುವುದೂ ಉಂಟು. ಈ ತೊಂದರೆಯನ್ನು ನೀಗುವುದಕ್ಕೆ ಪಿಎಂ-ಕಿಸಾನ್ ಆ್ಯಪ್‌ನಲ್ಲಿ 2023ರಿಂದ ಮುಖ ತೋರಿಸಿ ಇ-ಕೆವೈಸಿ ಮಾಡಿಸಿಕೊಳ್ಳುವ ಏರ್ಪಾಡು ಆಗಿದೆ.

ಮೊದಲನೆಯ ಪಾಠ: ಕೇಳುವುದು.— ಕಿಸಾನ್ ಕಾಲ್ ಸೆಂಟರು 2004ರಲ್ಲಿ ಪ್ರಾರಂಭವಾಯಿತು. 1800-180-1551 ಎಂಬ ಸಂಖ್ಯೆಗೆ ಬೆಳಿಗ್ಗೆ 6 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ಕರೆಮಾಡಿದರೆ ಕನ್ನಡದಲ್ಲಿ ಉತ್ತರ ದೊರೆಯುತ್ತದೆ, ಕರೆಗೆ ಹಣವಿಲ್ಲ, ಗುಂಡಿಯ ಸಾದಾ ಫೋನೂ ಸಾಕು. ಕರೆಯುವ ಮುಂಚೆ ಬೆಳೆ, ತಳಿ, ಬಿತ್ತಿದ ದಿನ, ರೋಗದ ಲಕ್ಷಣ, ಹಾಕಿದ ಗೊಬ್ಬರ ಮತ್ತು ಔಷಧಿ ಇವನ್ನು ಗುರುತು ಹಾಕಿಕೊಂಡಿರತಕ್ಕದ್ದು. ರೈತ ಸಂಪರ್ಕ ಕೇಂದ್ರದವರಿಗೆ ಚಿತ್ರ ಕಳುಹಿಸುವುದಾದರೆ ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ ಮತ್ತು ಹೊಲದ ನೋಟ ಹೀಗೆ ನಾಲ್ಕು ಚಿತ್ರಗಳಿರಬೇಕು. ಒಂದೇ ಎಲೆಯ ಮಸುಕು ಚಿತ್ರದಿಂದ ರೋಗ ನಿರ್ಧಾರವಾಗದು.

ಎರಡನೆಯ ಪಾಠ: ಹವೆ.— ಭಾರತ ಹವಾಮಾನ ಇಲಾಖೆ ಮುಂತಾದ ಸಂಸ್ಥೆಗಳು 2019ರಲ್ಲಿ ಹೊರತಂದ ಮೇಘದೂತ್ ಎಂಬ ಆ್ಯಪ್ ಮುಂದಿನ ಐದು ದಿನಗಳ ಮಳೆ, ಉಷ್ಣತೆ, ಗಾಳಿಗಳ ಮುನ್ಸೂಚನೆಯನ್ನು ಕನ್ನಡದಲ್ಲಿಯೂ ತಿಳಿಸುತ್ತದೆ. ಮಂಗಳವಾರ ಮತ್ತು ಶುಕ್ರವಾರಗಳ ಬೆಳೆ ಸಲಹೆಯೂ ಅದರಲ್ಲುಂಟು. ಆದಾಗ್ಯೂ ಅದು ಒಬ್ಬೊಬ್ಬರ ಹೊಲದ ಲೆಕ್ಕವಲ್ಲ. ಯಾವ ದಿಕ್ಕಿನ ಮೋಡ ತನ್ನ ಊರಿಗೆ ಮಳೆ ತರುವುದೆಂಬುದನ್ನು ಐವತ್ತು ವರ್ಷ ಕಂಡ ಹಿರಿಯನು ಎರಡನ್ನೂ ತಾಳೆನೋಡಿದರೆ ಬಿತ್ತನೆಯ ತೀರ್ಮಾನ ಹೆಚ್ಚು ಭದ್ರವಾಗುವುದು.

ಮೂರನೆಯ ಪಾಠ: ಪಂಪ್‌ಸೆಟ್ಟು.— ರಾತ್ರಿ ವಿದ್ಯುತ್ತು ಬಂದಾಗ ಕತ್ತಲಲ್ಲಿ ಹೊಲಕ್ಕೆ ಹೋಗಿ ಮೋಟಾರು ಹಾಕುವುದು ಇಳಿವಯಸ್ಸಿನವರಿಗೆ ಪ್ರಾಣಾಪಾಯದ ಕೆಲಸ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರನ್ನು ಕೂಡಿಸಿದರೆ ಮನೆಯಿಂದಲೇ ಕರೆಮಾಡಿ ಮೋಟಾರನ್ನು ನಡೆಸಬಹುದು, ನಿಲ್ಲಿಸಬಹುದು. ವಿದ್ಯುತ್ತು ಬಂದೊಡನೆ ತಾನಾಗಿ ಓಡುವ ಆಟೋ ಸ್ಟಾರ್ಟರಿನಲ್ಲಿ ಎಲ್ಲರ ಮೋಟಾರುಗಳೂ ಏಕಕಾಲಕ್ಕೆ ಹೊರಟು ಟ್ರಾನ್ಸ್‌ಫಾರ್ಮರಿಗೆ ಭಾರ ಬೀಳುವುದು; ಇದರಲ್ಲಿ ಆ ದೋಷವಿಲ್ಲ. ಆದರೆ ಒಂದು ಎಚ್ಚರ ಅತ್ಯಗತ್ಯ. ಮೋಟಾರನ್ನೋ ತಂತಿಯನ್ನೋ ಮುಟ್ಟುವ ಮುಂಚೆ ಮೇನ್ ಸ್ವಿಚ್ಚನ್ನು ಆರಿಸಿ ಫ್ಯೂಸುಗಳನ್ನು ಕಿತ್ತಿಡತಕ್ಕದ್ದು. ಇಲ್ಲವಾದರೆ ಮನೆಯಲ್ಲಿರುವವರು ತಿಳಿಯದೆ ಕರೆಮಾಡಿ ಮೋಟಾರನ್ನು ಓಡಿಸಿಬಿಡಬಹುದು.

ನಾಲ್ಕನೆಯ ಪಾಠ: ಹಣ.— ಇದನ್ನು ಕೊನೆಗೆ ಕಲಿಯತಕ್ಕದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಿದವರು ಸಿಂಪಡಿಸುವ ಮುಂಚೆ ಅದರಲ್ಲಿ ಕಬ್ಬಿಣದ ಚಾಕುವನ್ನು ಅದ್ದಿ ನೋಡುವರಷ್ಟೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಬೆರಸುವರು. ಹಣದ ಮಾತು ಬಂದಾಗಲೂ ಅಂತಹ ಪರೀಕ್ಷೆ ಬೇಕು. ಪರೀಕ್ಷೆಯ ಪ್ರಶ್ನೆಗಳು ಮೂರು.

1. ಹಣ ಬರುವುದೋ ಹೋಗುವುದೋ? ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. “ನಿಮಗೆ ಹಣ ಬಂದಿದೆ, ಪಿನ್ ಒತ್ತಿ” ಎಂದು ಹೇಳುವವನು ವಂಚಕನೇ ಸರಿ.

2. ಗುಟ್ಟನ್ನು ಕೇಳುತ್ತಿರುವನೋ? ಪಿನ್ ಸಂಖ್ಯೆಯನ್ನಾಗಲಿ, ಸಂದೇಶದಲ್ಲಿ ಬಂದ ಒಟಿಪಿಯನ್ನಾಗಲಿ ಬ್ಯಾಂಕಿನವರು ಫೋನಿನಲ್ಲಿ ಕೇಳುವುದಿಲ್ಲ.

3. ಅವಸರ ಮಾಡಿಸುತ್ತಿರುವನೋ? “ಈಗಲೇ ಮಾಡದಿದ್ದರೆ ಖಾತೆ ನಿಲ್ಲುವುದು” ಎಂಬ ಬೆದರಿಕೆ ಬಂದರೆ ಕರೆಯನ್ನು ಕಡಿದು, ಮರುದಿನ ಬ್ಯಾಂಕಿಗೆ ಹೋಗಿ ವಿಚಾರಿಸತಕ್ಕದ್ದು.

ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಇದೇ ಹೆಸರು ಹೇಳಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಎಂಬ ಕಡತಗಳನ್ನು ತೆರೆಯಲೇಕೂಡದು; ಅವು ಫೋನಿನೊಳಗೆ ಹೊಕ್ಕು ಒಟಿಪಿಗಳನ್ನು ಕದಿಯಬಲ್ಲುವು. ಅಕಸ್ಮಾತ್ ಹಣ ಹೋದರೆ ನಾಚಿಕೊಂಡು ಮುಚ್ಚಿಡದೆ ಕೂಡಲೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈತಪ್ಪಿ ದೂರ ಸರಿಯುವುದು. ದಿನಬಳಕೆಗೆ ಸ್ವಲ್ಪ ಹಣವಿರುವ ಬೇರೆ ಖಾತೆಯನ್ನು ಮಾತ್ರ ಫೋನಿಗೆ ಕೂಡಿಸಿ, ಫಸಲಿನ ಹಣವನ್ನು ಕೂಡಿಸದ ಖಾತೆಯಲ್ಲಿಡುವುದು ಕ್ಷೇಮ.

ಮನೆಯ ಕಿರಿಯರಿಗೆ ಸೂಚನೆ.— ಕಲಿಸುವವರು ಫೋನನ್ನು ಕಸಿದುಕೊಂಡು ತಾವೇ ಮಾಡಿಬಿಡುವುದರಿಂದ ಹಿರಿಯರಿಗೆ ಕೆಲಸವಾಗುವುದೇ ಹೊರತು ವಿದ್ಯೆ ಬರುವುದಿಲ್ಲ. ಫೋನು ಅವರ ಕೈಯಲ್ಲೇ ಇರಲಿ, ಬೆರಳೂ ಅವರದೇ ಇರಲಿ. ಒಂದೊಂದು ಕೆಲಸದ ಮೆಟ್ಟಲುಗಳನ್ನು ದಪ್ಪ ಅಕ್ಷರದಲ್ಲಿ ಒಂದು ಪುಸ್ತಕದಲ್ಲಿ ಬರೆದುಕೊಡಲಿ. ಪಿನ್ ಸಂಖ್ಯೆಯನ್ನು ಮಾತ್ರ ಆ ಪುಸ್ತಕದಲ್ಲಾಗಲಿ ಫೋನಿನ ಕವಚದಲ್ಲಾಗಲಿ ಬರೆಯಬಾರದು. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಬೇಸರಪಡದೆ ಹೇಳಬೇಕು. ಹೂಡುವುದನ್ನೂ ಉಳುವುದನ್ನೂ ಕಲಿಸುವಾಗ ಆ ಹಿರಿಯರು ಹಾಗೆಯೇ ಹೇಳಿದ್ದರು.

ಬಿತ್ತನೆಯ ಕೆಲಸ ಮುಗಿದು ಬಿಡುವು ದೊರೆತಾಗ ಮೊದಲನೆಯ ಪಾಠದಿಂದ ಪ್ರಾರಂಭಿಸಿ, ನಾಲ್ಕು ಪಾಠಗಳನ್ನೂ ಕ್ರಮವಾಗಿ ಅಭ್ಯಾಸ ಮಾಡಿದರೆ ಕೊಯ್ಲಿನ ಹೊತ್ತಿಗೆ ಹಿರಿಯರು ಫೋನನ್ನು ಪರರ ಹಂಗಿಲ್ಲದೆ ಬಳಸಬಲ್ಲರು.