ಅಂಬರ್ ಏಲ್: ಕೆಗ್ಗಿಗೆ ಸಹಿ ಹಾಕುವ ಮೊದಲು



ಅಕ್ಕಿ ಕೊಳ್ಳುವಾಗ ನಾವು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತೇವೆ. ಕಾಫಿ ಪುಡಿಯನ್ನು ಅಂಗೈಯಲ್ಲಿಟ್ಟು ಮೂಸುತ್ತೇವೆ. ತುಪ್ಪದ ಡಬ್ಬ ಬಂದರೆ ಕೈಗೆ ಸವರಿ ಉಜ್ಜದೆ ಬಿಲ್ಲಿಗೆ ಸಹಿ ಬೀಳುವುದಿಲ್ಲ. ಆದರೆ ಬಾರ್ ಕೌಂಟರಿಗೆ 30 ಲೀಟರಿನ ಬಿಯರ್ ಕೆಗ್ ಬಂದರೆ ಚಲನ್ ನೋಡಿ, ಸೀಲ್ ನೋಡಿ ಒಳಗೆ ಉರುಳಿಸಿಬಿಡುತ್ತೇವೆ. 330 ಮಿಲಿ ಲೆಕ್ಕದಲ್ಲಿ ಅದು 90 ಗ್ಲಾಸು. ನೊರೆಗೆ, ಪೈಪಿಗೆ ಹೋದದ್ದು ಬಿಟ್ಟರೂ ಐವತ್ತು ಅರವತ್ತು ಗಿರಾಕಿಗಳ ನಾಲಿಗೆಗೆ ತಲುಪುವ ಮಾಲು. ಬಿಯರ್ ಕೆಟ್ಟಿದ್ದರೆ ಅವರು ಬೈಯುವುದು ಬ್ರೂವರಿಯನ್ನಲ್ಲ, ನಮ್ಮ ಬೋರ್ಡನ್ನು.

ಪುಣೆಯಲ್ಲಿ 2009ರಲ್ಲಿ ಡೂಲಾಲಿ, ಬೆಂಗಳೂರಿನಲ್ಲಿ 2010ರಲ್ಲಿ ಟಾಯ್ಟ್ ಬಂದ ಮೇಲೆ ಗಿರಾಕಿಯ ನಾಲಿಗೆ ಬದಲಾಗಿದೆ. ಪರ್ಮಿಟ್ ರೂಮಿನಲ್ಲಿ "ಒಂದು ಚಿಲ್ಡ್ ಕೊಡಿ" ಎನ್ನುತ್ತಿದ್ದವರ ಮಕ್ಕಳು ಈಗ ಹಾಪ್ಸ್ ಯಾವುದು ಎಂದು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವುದಕ್ಕಾದರೂ ಒಂದು ಬಿಯರನ್ನು ಪೂರ್ತಿ ತಿಳಿದುಕೊಳ್ಳಬೇಕು. ಈ ಪಾಠಕ್ಕೆ ನಾವು ಹಾಪ್ಸ್ ಜಾಸ್ತಿ ಇರುವ ಅಂಬರ್ ಏಲನ್ನು ಆರಿಸಿಕೊಂಡಿದ್ದೇವೆ. ಮಾಲ್ಟಿನ ಸಿಹಿ, ಹಾಪ್ಸಿನ ಕಹಿ ಎರಡೂ ಎದುರು ಬದುರು ಕೂತಿರುವ ಬಿಯರ್ ಇದು. ಇದರಲ್ಲಿ ತಪ್ಪು ಕಂಡುಹಿಡಿಯಲು ಬಂದರೆ ಮಿಕ್ಕವುಗಳಲ್ಲಿ ಕಷ್ಟವಾಗುವುದಿಲ್ಲ.

ಹೆಸರಿನ ಹಿಂದೆ

ಅಂಬರ್ ಏಲ್ ಅಮೆರಿಕದ ಸಣ್ಣ ಬ್ರೂವರಿಗಳ ಕೂಸು. ಮದ್ಯನಿಷೇಧ ಕಳೆದ ಮೇಲೆ ಕ್ಯಾಲಿಫೋರ್ನಿಯದ ಮೊದಲ ಬ್ರೂಪಬ್ ಶುರುವಾದದ್ದು 1983ರಲ್ಲಿ, ಹಾಪ್‌ಲ್ಯಾಂಡ್ ಎಂಬ ಊರಿನಲ್ಲಿ. ಹಾಪ್ಸ್ ಬೆಳೆಯಿಂದಲೇ ಊರಿಗೆ ಆ ಹೆಸರು. ಅಲ್ಲಿನ ಮೆಂಡೊಸಿನೊ ಕಂಪನಿಯ ರೆಡ್ ಟೇಲ್ ಏಲ್ ಈ ಬಗೆಯ ಮೊದಲಿಗರ ಸಾಲಿನದು. 1997ರಲ್ಲಿ ಆ ಕಂಪನಿಯನ್ನು ಕೈಗೆ ತೆಗೆದುಕೊಂಡದ್ದು ಬೆಂಗಳೂರಿನ ಯುಬಿ ಗುಂಪು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 2018ರಲ್ಲಿ ಅದು ಬಾಗಿಲು ಮುಚ್ಚಿತು.

ಅಂಬರ್ ಎಂಬ ಹೆಸರು ಬಣ್ಣ ಹೇಳುತ್ತದೆ, ಕಹಿ ಎಷ್ಟೆಂದು ಹೇಳುವುದಿಲ್ಲ. ಕೊಲರಾಡೊದ ನ್ಯೂ ಬೆಲ್ಜಿಯಂ ಕಂಪನಿ 1991ರಲ್ಲಿ ತಂದ ಫ್ಯಾಟ್ ಟೈರ್ ಬಹಳ ವರ್ಷ ಅಂಬರ್ ಏಲ್ ಎಂದೇ ಮಾರಾಟವಾಯಿತು. ಅದರಲ್ಲಿ ಹಾಪ್ಸ್ ಮೆತ್ತಗೆ. 2023ರಲ್ಲಿ ಕಂಪನಿ ಅದರ ಪಾಕವನ್ನೇ ಬದಲಿಸಿ ಬಣ್ಣ ತಿಳಿಮಾಡಿತು. ಇನ್ನೊಂದು ತುದಿಯಲ್ಲಿ ಪೆನ್ಸಿಲ್ವೇನಿಯದ ಟ್ರೋಗ್ಸ್ ಕಂಪನಿಯ ನಗೆಟ್ ನೆಕ್ಟರ್ ಇದೆ. ಅದರ ಆಲ್ಕೋಹಾಲ್ ಶೇ. 7.5, ಕಹಿಯ ಅಳತೆ 93. ಬಿಯರ್ ತೀರ್ಪುಗಾರರ ಬಿ.ಜೆ.ಸಿ.ಪಿ. ಸಂಸ್ಥೆ ಅಮೆರಿಕನ್ ಅಂಬರಿಗೆ ಹಾಕಿರುವ ಗೆರೆ ಇವೆರಡರ ನಡುವೆ ಬರುತ್ತದೆ: ಆಲ್ಕೋಹಾಲ್ ಶೇ. 4.5ರಿಂದ 6.2, ಕಹಿ 25ರಿಂದ 40. ಹೀಗಾಗಿ ಸಪ್ಲೈಯರ್ ಬಂದು "ಅಂಬರ್ ಸರ್" ಎಂದರೆ ಸಾಲದು. ಕಹಿ ಎಷ್ಟು, ಹಾಪ್ಸ್ ಯಾವುದು, ತುಂಬಿದ ತಾರೀಕು ಯಾವುದು, ಈ ಮೂರನ್ನೂ ಕೇಳಿ ಬರೆದುಕೊಳ್ಳಬೇಕು.

ಹಾಗಲಕಾಯಿ ಗೊಜ್ಜಿನ ಲೆಕ್ಕ

ಮಾಲ್ಟ್ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ರಾಗಿಗೆ ಮೊಳಕೆ ಬರಿಸಿ ಹುರಿದು ಹಿಟ್ಟು ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಬರಿಗೆ ಬೇಕಾದ ಕ್ರಿಸ್ಟಲ್ ಮಾಲ್ಟಿನಲ್ಲಿ ಒಂದು ವಿಶೇಷ ಉಂಟು. ಮೊಳಕೆಯನ್ನು ಒಣಗಿಸದೆ ಹಸಿಯಾಗಿಯೇ ಬಿಸಿಮಾಡುತ್ತಾರೆ. ಕಾಳಿನೊಳಗೇ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಹುರಿದರೆ ಆ ಸಕ್ಕರೆ ಪಾಕಕ್ಕೆ ಬಂದು ಕಂದುತ್ತದೆ. ಅಂಬರಿನ ಬಣ್ಣವೂ ಕ್ಯಾರಮೆಲ್ ರುಚಿಯೂ ಬರುವುದು ಹೆಚ್ಚಾಗಿ ಅಲ್ಲಿಂದ.

ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂ. ಅಮೆರಿಕದ ಹಾಪ್ಸಿನ ಬಹುಪಾಲು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಬೆಳೆಯುತ್ತದೆ. ನಮ್ಮ ಹಿಮಾಚಲದ ಲಾಹೌಲ್ ಕಣಿವೆಯಲ್ಲೂ ಸ್ವಲ್ಪ ಬೆಳೆದವರಿದ್ದಾರೆ. ಹೂವಿನೊಳಗಿನ ಹಳದಿ ಪುಡಿಯಲ್ಲಿ ಕಹಿಯೂ ಇದೆ, ಪರಿಮಳದ ಎಣ್ಣೆಯೂ ಇದೆ. ಕಹಿ ಬಿಡಬೇಕಾದರೆ ಚೆನ್ನಾಗಿ ಕುದಿಯಬೇಕು. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಗೆ ಹಾಕುವಂತೆ ಬ್ರೂವರ್ ಸ್ವಲ್ಪ ಹಾಪ್ಸನ್ನು ಮೊದಲೇ ಹಾಕಿ, ಸ್ವಲ್ಪವನ್ನು ಒಲೆ ಆರಿಸುವ ಹೊತ್ತಿಗೆ, ಇನ್ನಷ್ಟನ್ನು ಹುದುಗು ಮುಗಿದ ಮೇಲೆ ತಣ್ಣಗೆ ಹಾಕುತ್ತಾನೆ.

ಬೆಲ್ಲ ಕಡಿಮೆಯಾದರೆ ಹಾಗಲಕಾಯಿ ಗೊಜ್ಜು ಮುಖ ಸಿಂಡರಿಸುತ್ತದೆ. ಜಾಸ್ತಿಯಾದರೆ ಅದು ಹಾಗಲಕಾಯಿಯೇ ಅಲ್ಲ. ಅಂಬರನ್ನು ತೂಗುವುದೂ ಹಾಗೆಯೇ. ಕಹಿ 40 ಇದ್ದರೂ ಹಿಂದೆ ಮಾಲ್ಟ್ ದಪ್ಪವಾಗಿದ್ದರೆ ನಾಲಿಗೆ ಒಪ್ಪುತ್ತದೆ. 30 ಇದ್ದರೂ ಬಿಯರ್ ತೆಳ್ಳಗಾಗಿದ್ದರೆ ಕಹಿ ಚುಚ್ಚುತ್ತದೆ. ಅಂಕಿ ನೋಡಿ ತೀರ್ಪು ಕೊಡುವವರನ್ನು ನಾವು ನಂಬುವುದಿಲ್ಲ.

ರುಚಿ ನೋಡುವ ಹೊತ್ತು, ಗ್ಲಾಸು

ಬೆಳಿಗ್ಗೆ ಹನ್ನೊಂದರ ಸುಮಾರು ಒಳ್ಳೆಯದು. ಮಧ್ಯಾಹ್ನದ ರಶ್ ಶುರುವಾಗಿರುವುದಿಲ್ಲ, ಹೊಟ್ಟೆ ತುಂಬಿರುವುದಿಲ್ಲ. ಗಲ್ಲಾದ ಮೇಲೆ ಊದುಬತ್ತಿ ಉರಿಯುತ್ತಿರುವ ಕಡೆ, ಅಡುಗೆಮನೆಯ ಒಗ್ಗರಣೆ ಹಬ್ಬುವ ಕಡೆ ಕೂರಬಾರದು. ಬೀಡಾ ಹಾಕಿದ ಬಾಯಿ, ಸೆಂಟು ಹಾಕಿದ ಕೈ ಎರಡೂ ಬೇಡ. ಜೊತೆಗೆ ಉಪ್ಪಿಲ್ಲದ ಬ್ರೆಡ್ಡು, ನೀರು ಸಾಕು. ಮಸಾಲೆ ಕಡಲೆ ಆಮೇಲೆ.

ಗ್ಲಾಸಿನ ಮಾತು ಸ್ವಲ್ಪ ದೀರ್ಘವಾಗಿ ಹೇಳಬೇಕು, ಏಕೆಂದರೆ ನಮ್ಮ ಹೋಟೆಲುಗಳ ಅರ್ಧ ತೊಂದರೆ ಅಲ್ಲಿದೆ. ಎಣ್ಣೆ ಪ್ಲೇಟು ತೊಳೆದ ನೀರಿನಲ್ಲೇ ಬಿಯರ್ ಗ್ಲಾಸು ತೊಳೆದರೆ ಜಿಡ್ಡಿನ ಒಂದು ಪದರ ಉಳಿಯುತ್ತದೆ. ಕಣ್ಣಿಗೆ ಕಾಣದು, ಆದರೆ ನೊರೆಯನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಪರೀಕ್ಷೆ ಸುಲಭ. ಗ್ಲಾಸಿನ ಒಳಗನ್ನು ಒದ್ದೆ ಮಾಡಿ ಪುಡಿ ಉಪ್ಪು ಉದುರಿಸಿ. ಶುದ್ಧವಾಗಿದ್ದರೆ ಉಪ್ಪು ಎಲ್ಲ ಕಡೆ ಸಮನಾಗಿ ಅಂಟುತ್ತದೆ, ಜಿಡ್ಡಿದ್ದ ಕಡೆ ಅಂಟುವುದಿಲ್ಲ. ಬಿಯರ್ ಹಾಕಿದ ಮೇಲೆ ಗುಳ್ಳೆಗಳು ಗಾಜಿನ ಬದಿಗೆ ಕಚ್ಚಿಕೊಂಡಿದ್ದರೂ ಅದು ಕೊಳೆಯ ಗುರುತು. ಬಿಯರ್ ಗ್ಲಾಸಿಗೆ ಬೇರೆ ಸಿಂಕು, ಬೇರೆ ಬ್ರಷ್ಷು ಇಡಬೇಕು. ಇದರಲ್ಲಿ ರಾಜಿ ಇಲ್ಲ. ಫ್ರೀಜರಿನಲ್ಲಿ ಹಿಮ ಕಟ್ಟಿಸಿದ ಮಗ್ಗು ಗಿರಾಕಿಗೆ ಖುಷಿ ಕೊಡಬಹುದು, ಅಂಬರಿಗಲ್ಲ. ಹಿಮ ಕರಗಿ ಬಿಯರ್ ನೀರಾಗುತ್ತದೆ, ನೊರೆ ಉಕ್ಕುತ್ತದೆ, ಪರಿಮಳ ಏಳುವುದೇ ಇಲ್ಲ. 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಸರಿಯಾದ ತಂಪು.

ಮೂಗು, ಕಣ್ಣು, ನಾಲಿಗೆ

ಬಾಯಿ ಸ್ವಲ್ಪ ಒಳಬಾಗಿದ ಗಾಜಿನಲ್ಲಿ 100 ಮಿಲಿಯಷ್ಟು ಹಾಕಿ ಕೂಡಲೇ ಮೂಸಬೇಕು. ಹಾಪ್ಸಿನ ಪರಿಮಳ ಬೇಗ ಹೊರಡುತ್ತದೆ, ಆದ್ದರಿಂದ ಮೂಗೇ ಮೊದಲು. 1970ರ ದಶಕದ ಆರಂಭದಲ್ಲಿ ಒರೆಗಾನಿನಿಂದ ಹೊರಬಂದ ಕ್ಯಾಸ್ಕೇಡ್ ತಳಿ ಇದ್ದರೆ ಚಕ್ಕೋತದ ಸಿಪ್ಪೆ ಸುಲಿದ ವಾಸನೆ ಬರುತ್ತದೆ. ಬೇರೆ ಕೆಲವು ತಳಿಗಳಲ್ಲಿ ಮರದ ರಾಳ, ಇಲ್ಲವೇ ಮಾವಿನಕಾಯಿ ತೊಟ್ಟು ಮುರಿದಾಗಿನ ಸೊನೆಯ ಘಾಟು. ಇದು ಬರೀ ಹೋಲಿಕೆಯಲ್ಲ, ಹಾಪ್ಸಿನ ಎಣ್ಣೆಯಲ್ಲಿರುವ ಮಿರ್ಸೀನ್ ಎಂಬ ಅಂಶ ಮಾವಿನಲ್ಲೂ ಇದೆ. ಇದರ ಕೆಳಗೆ ಜೋನಿ ಬೆಲ್ಲ, ಸುಟ್ಟ ಬ್ರೆಡ್ಡಿನ ಅಂಚು ಸಿಗಬೇಕು. ಪುಸ್ತಕದಲ್ಲಿ ಬರೆದ ಪರದೇಶದ ಹಣ್ಣಿನ ಹೆಸರನ್ನು ಹುಡುಗರಿಗೆ ಬಾಯಿಪಾಠ ಮಾಡಿಸಬೇಡಿ. ಅವರ ಮೂಗಿಗೆ ಗೊತ್ತಿರುವ ಹೆಸರಿನಲ್ಲೇ ಹೇಳಲಿ.

ಆಮೇಲೆ ಬೆಳಕಿಗೆ ಹಿಡಿಯಿರಿ. ಹುಣಸೆಹಣ್ಣಿನಿಂದ ಉಜ್ಜಿದ ತಾಮ್ರದ ಚೊಂಬಿನ ಬಣ್ಣ ಸರಿ. ತಣ್ಣಗೆ ಹಾಪ್ಸ್ ಹಾಕಿದ್ದರೆ ತುಸು ಮಬ್ಬು ಇದ್ದರೂ ದೋಷವಲ್ಲ.

ಒಂದು ಗುಟುಕನ್ನು ಬಾಯಿ ತುಂಬ ಓಡಾಡಿಸಿ ನುಂಗಿ, ಮೂಗಿನಿಂದ ಉಸಿರು ಬಿಡಬೇಕು. ಸಿಹಿ ತುದಿಯಲ್ಲಿ, ಕಹಿ ಹಿಂದೆ ಎಂಬ ನಾಲಿಗೆಯ ನಕ್ಷೆ ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಆದರೂ ನುಂಗಬೇಕು. ಗಂಟಲಿನಿಂದ ಮೂಗಿಗೇರುವ ವಾಸನೆ, ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಉಗುಳಿದರೆ ಸರಿಯಾಗಿ ಸಿಗುವುದಿಲ್ಲ. ಕಹಿ ಮೆಲ್ಲಗೆ ಇಳಿದರೆ ಒಳ್ಳೆಯದು. ಅಡಿಕೆಕಾಯಿ ಅಗಿದಂತೆ ಒಗರಾಗಿ ಒಸಡು ಹಿಡಿದರೆ ಅಂಕ ಕಡಿಯಿರಿ.

ನಮ್ಮಲ್ಲಿ ಜೀವನದಲ್ಲಿ ಒಂದು ತೊಟ್ಟು ಕುಡಿಯದ ಮಾಲೀಕರು ಬೇಕಾದಷ್ಟಿದ್ದಾರೆ. ಅವರು ಕುಡಿಯಬೇಕಾಗಿಲ್ಲ. ಕೆಟ್ಟ ಬಿಯರಿನ ಹೆಚ್ಚಿನ ದೂರುಗಳು ಮೂಗಿಗೇ ತಿಳಿಯುತ್ತವೆ. ಗ್ಲಾಸು, ನೊರೆ, ತಾರೀಕು ಅವರ ಕಣ್ಣಿನ ಕೆಲಸ. ನಾಲಿಗೆಯ ಕೆಲಸವನ್ನು ಕ್ಯಾಪ್ಟನ್ನಿಗೂ ಇನ್ನೊಬ್ಬರಿಗೂ ವಹಿಸಿ, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕೆಂದು ಕಟ್ಟಳೆ ಮಾಡಿದರೆ ಆಯಿತು.

ಬೆಣ್ಣೆಯೋ, ಕ್ಯಾರಮೆಲ್ಲೋ?

ಬೇಯಿಸಿದ ಎಲೆಕೋಸು, ಹಸಿ ಸೇಬು, ಒದ್ದೆ ರಟ್ಟು ಇವೆಲ್ಲ ಯಾವ ಬಿಯರಿನಲ್ಲಿದ್ದರೂ ಬೇಗ ಗೊತ್ತಾಗುತ್ತವೆ. ಲವಂಗದ ವಾಸನೆ ಗೋಧಿ ಬಿಯರಿಗೆ ಭೂಷಣ, ಅಂಬರಿನಲ್ಲಿ ದೋಷ. ಕಷ್ಟವಿರುವುದು ಡಯಾಸಿಟೈಲ್ ಎಂಬ ಬೆಣ್ಣೆ ವಾಸನೆಯಲ್ಲಿ. ತಿಳಿ ಲಾಗರಿನಲ್ಲಿ ಅದು ಎದ್ದು ಕಾಣುತ್ತದೆ. ಅಂಬರಿನಲ್ಲಿ ಮಾಲ್ಟಿನ ಕ್ಯಾರಮೆಲ್ ಜೊತೆ ಸೇರಿ "ಟಾಫಿ ತರಹ ಚೆನ್ನಾಗಿದೆ" ಎನಿಸಿಬಿಡುತ್ತದೆ. ಕ್ಯಾರಮೆಲ್ ಸಿಹಿಯಾಗಿ ಬಂದು ಸಿಹಿಯಾಗಿಯೇ ಹೋಗುತ್ತದೆ. ಬೆಣ್ಣೆಯಾದರೆ ನಾಲಿಗೆ ಮೇಲೆ ಜಾರುವ ಪದರ ಉಳಿಯುತ್ತದೆ, ಬಿಯರ್ ಬಿಸಿಯಾದಷ್ಟೂ ಹೆಚ್ಚುತ್ತದೆ.

ಸಂಶಯ ಬಂದರೆ ಬ್ರೂವರಿಯವರೇ ಮಾಡುವ ಪರೀಕ್ಷೆ ಮಾಡಿ. ಎರಡು ಗ್ಲಾಸಿನಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ ಮುಚ್ಚಿ. ಒಂದನ್ನು 60 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ಮತ್ತೆ ತಣಿಸಿ, ಎರಡನ್ನೂ ಮೂಸಿ. ಬಿಸಿಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಎದ್ದರೆ ಬಿಯರ್ ಪೂರ್ತಿ ಹದವಾಗುವ ಮೊದಲೇ ಕೆಗ್ಗಿಗೆ ತುಂಬಿದ್ದಾರೆ ಎಂದರ್ಥ. ಎರಡರಲ್ಲೂ ಇದ್ದರೆ ಗುಮಾನಿ ನಮ್ಮ ಪೈಪಿನ ಮೇಲೂ ಹೋಗಬೇಕು. ತೊಳೆಯದ ಪೈಪಿನಲ್ಲಿ ಬೆಳೆಯುವ ಬ್ಯಾಕ್ಟೀರಿಯವೂ ಇದೇ ಬೆಣ್ಣೆ ವಾಸನೆಯನ್ನು, ಜೊತೆಗೆ ಹುಳಿಯನ್ನು ತರುತ್ತದೆ. 14 ದಿನಕ್ಕೊಮ್ಮೆ ಪೈಪನ್ನು ಕಾಸ್ಟಿಕ್ ದ್ರಾವಣದಿಂದ ತೊಳೆದು, ನಲ್ಲಿ ಬಿಚ್ಚಿ ಉಜ್ಜಬೇಕೆಂಬುದು ಅಮೆರಿಕದ ಬ್ರೂವರಿಗಳ ಸಂಘ ಹೇಳುವ ಕ್ರಮ. ಬೆಳಗಿನ ಮೊದಲ ಗ್ಲಾಸು ಹುಳಿ, ಐದನೆಯದು ಸರಿ ಎಂದಾದರೆ ತಪ್ಪು ಪೈಪಿನದು. ಕೆಗ್ಗಿನಿಂದ ನೇರವಾಗಿ ತೆಗೆದದ್ದೂ ಹಾಗೇ ಇದ್ದರೆ ಬ್ರೂವರಿಯದು, ಇಲ್ಲವೇ ದಾರಿಯಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಟೆಂಪೊದ್ದು.

ಅಂಕ ಹಾಕುವುದು

ಬಿ.ಜೆ.ಸಿ.ಪಿ. ಹಾಳೆಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಹಿಡಿತಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಚೆಂದದ ಬಣ್ಣಕ್ಕೆ ಮೂರೇ ಅಂಕ ಎಂಬುದನ್ನು ಗಮನಿಸಿ. ಒಂದು ಕೆಗ್ ಬಂತೆನ್ನಿ. ಬಣ್ಣ ಸೊಗಸು, 3. ಮೂಗಿಗೆ ಬೆಲ್ಲ ಬಂತು, ಚಕ್ಕೋತ ಬರಲಿಲ್ಲ, 6. ರುಚಿಯಲ್ಲಿ ಸಿಹಿ ಮುಂದೆ, ಕಹಿ ಹಿಂದೆ ಬಿದ್ದಿದೆ, 10. ಬಾಯಿಯ ಹಿಡಿತ 4, ಒಟ್ಟು ಅಭಿಪ್ರಾಯ 4. ಕೂಡಿದರೆ 27. ಆ ಪಟ್ಟಿಯಲ್ಲಿ 21ರಿಂದ 29 ಎಂದರೆ 'ಚೆನ್ನಾಗಿದೆ', 30ರಿಂದ 37 'ಬಹಳ ಚೆನ್ನಾಗಿದೆ'. 27 ಬಂದ ಈ ಬಿಯರ್ ಕೆಟ್ಟಿಲ್ಲ, ಹಳತಾಗಿದೆ. ಹಾಪ್ಸಿನ ಪರಿಮಳ ಮೊದಲು ಸಾಯುತ್ತದೆ, ಕ್ಯಾರಮೆಲ್ ಉಳಿಯುತ್ತದೆ. ತುಂಬಿದ ತಾರೀಕು ನೋಡಿದರೆ ಕಾರಣ ಅಲ್ಲೇ ಸಿಕ್ಕೀತು. ಹಾಪ್ಸ್ ಬಿಯರ್ ಎಂದು ದುಡ್ಡು ತೆಗೆದುಕೊಳ್ಳುವಾಗ 30ಕ್ಕಿಂತ ಕೆಳಗಿನದನ್ನು ನಲ್ಲಿಗೆ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ.

ಹೊಸ ಕೆಗ್ ಹಳೆಯದರಂತಿಲ್ಲ ಎಂದು ಯಾರಾದರೂ ಹೇಳಿದರೆ ವಾದ ಮಾಡದೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಯಾವುದು ಬೇರೆ ಎಂದು ಆರು ಜನ ಹೇಳಲಿ. ಬರೀ ಊಹೆಯಿಂದ ಹೇಳಿದ್ದಾದರೆ ಆರರಲ್ಲಿ ಐವರು ಸರಿಯಾಗುವ ಸಂಭವ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಐವರು ಸರಿ ಹೇಳಿದರೆ ವ್ಯತ್ಯಾಸ ನಿಜವೆಂದೇ ತಿಳಿಯಿರಿ.

ಊಟದ ಜೊತೆಗೆ ಒಂದು ಮಾತು. ತಂದೂರಿಯಲ್ಲಿ ಕಂದಿದ್ದು, ಕಾವಲಿಯಲ್ಲಿ ಹುರಿದದ್ದು ಅಂಬರಿನ ಕ್ಯಾರಮೆಲ್ಲಿಗೆ ಹೊಂದುತ್ತದೆ. ಕುಂದಾಪುರದ ಘೀ ರೋಸ್ಟಿಗೆ ಕಹಿ 25-30ರದ್ದು ಕೊಡಿ, 40ರದ್ದು ಬೇಡ. ಹಾಪ್ಸಿನ ಕಹಿ ಮೆಣಸಿನ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಗೋಳಿಬಜೆ, ಪನೀರ್ ಟಿಕ್ಕಾಗೆ ಯಾವುದಾದರೂ ನಡೆಯುತ್ತದೆ.

ಕೊನೆಗೆ ಸಂಕೋಚದ ಮಾತು. ಸಪ್ಲೈಯರ್ ಪರಿಚಯದವರು, ಊರಿನವರು, ಹೇಗೆ ವಾಪಸ್ ಮಾಡುವುದು ಎಂದು ನಮ್ಮವರು ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಹುಳಿ ಬಂದ ಹಾಲನ್ನು ಹಾಗೆ ಅಡ್ಜಸ್ಟ್ ಮಾಡಿಕೊಳ್ಳುತ್ತೇವೆಯೇ? "ಚೆನ್ನಾಗಿಲ್ಲ" ಎಂದಷ್ಟೇ ಹೇಳಿದರೆ ಜಗಳವಾಗುತ್ತದೆ. ಕೆಗ್ ನಂಬರ್, ತುಂಬಿದ ತಾರೀಕು, ಪೈಪು ತೊಳೆದ ದಿನ, ಬಿಸಿನೀರಿನ ಪರೀಕ್ಷೆಯಲ್ಲಿ ಕಂಡದ್ದು, ಇಬ್ಬರ ಅಂಕದ ಚೀಟಿ, ಇಷ್ಟು ಮುಂದಿಟ್ಟರೆ ಒಳ್ಳೆಯ ಬ್ರೂವರ್ ತಾನೇ ಬಂದು ನೋಡುತ್ತಾನೆ. ಅವನು ಬರುವವರೆಗೆ ಆ ಕೆಗ್ಗಿನಿಂದ ಒಂದು ಕಂದು ಬಾಟಲಿ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರು ತಾರೀಕು ಬರೆದು ಫ್ರಿಜ್ಜಿನಲ್ಲಿಟ್ಟಿರಿ.